ಲೋಹಶೋಧನೆಯಲ್ಲಿ ಹೆಡ್‌ಫೋನ್ ಬಳಕೆ

ಲೋಹಶೋಧಕ ಅಥವಾ ಮೆಟಲ್ ಡಿಟೆಕ್ಟರ್ ಎಂಬುದು ನೆಲದೊಳಗಿನ ಲೋಹವನ್ನು ಮುಖ್ಯವಾಗಿ ಧ್ವನಿಯ ಮೂಲಕ ಸೂಚಿಸುವ ಉಪಕರಣ. ಹಳೆಯ ನಾಣ್ಯಗಳನ್ನು ಹುಡುಕುವ ಹವ್ಯಾಸಿಗಳಲ್ಲಿ ಅನೇಕರು ಈ ಧ್ವನಿಯನ್ನು ಯಂತ್ರದ ಸ್ಪೀಕರ್ ಬದಲು ಹೆಡ್‌ಫೋನ್ ಮೂಲಕ ಆಲಿಸುತ್ತಾರೆ. ಹೆಡ್‌ಫೋನ್ ಧರಿಸುವುದರಿಂದ ಯಂತ್ರದ ಶೋಧನಾಶಕ್ತಿ ಹೆಚ್ಚುವುದಿಲ್ಲ. ಆದರೆ ಆಳದಲ್ಲಿರುವ ಸಣ್ಣ ನಾಣ್ಯದಿಂದ ಬರುವ ಕ್ಷೀಣ ಸಂಕೇತವು ಗಾಳಿ, ವಾಹನ ಮುಂತಾದವುಗಳ ಸದ್ದಿನಲ್ಲಿ ಮುಚ್ಚಿಹೋಗದೆ ಕಿವಿಗೆ ತಲುಪುತ್ತದೆ.

ಇತಿಹಾಸ

ಲೋಹಶೋಧನೆಗೂ ಆಲಿಸುವಿಕೆಗೂ ಆರಂಭದಿಂದಲೇ ನಂಟಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಮೇಲೆ ಗುಂಡಿನ ದಾಳಿ ನಡೆಯಿತು. ದೇಹದಲ್ಲಿ ಉಳಿದಿದ್ದ ಗುಂಡನ್ನು ಪತ್ತೆಹಚ್ಚಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಆಧರಿಸಿದ ಉಪಕರಣವೊಂದನ್ನು ಬಳಸಿದರು. ಲೋಹದ ಸುಳಿವನ್ನು ಅದರಲ್ಲಿ ದೂರವಾಣಿಯ ಗ್ರಾಹಕವನ್ನು ಕಿವಿಗೆ ಹಿಡಿದು ಆಲಿಸಬೇಕಾಗಿತ್ತು. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳು ಶೋಧನೆಗೆ ಅಡ್ಡಿಯಾದವು ಮತ್ತು ಗುಂಡು ಪತ್ತೆಯಾಗಲಿಲ್ಲ. ಗಾರ್‌ಫೀಲ್ಡ್ ಅದೇ ವರ್ಷದ ಸೆಪ್ಟೆಂಬರ್ 19ರಂದು ನಿಧನರಾದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಝೆಫ್ ಕೊಸಾಟ್ಸ್ಕಿ ನೆಲಬಾಂಬುಗಳನ್ನು ಪತ್ತೆಹಚ್ಚುವ, ಒಬ್ಬನೇ ಹೊತ್ತು ನಡೆಸಬಹುದಾದ ಶೋಧಕವನ್ನು ರೂಪಿಸಿದರು. ಇದನ್ನು 1942ರ ಎರಡನೆಯ ಎಲ್ ಅಲಮೈನ್ ಕದನದಲ್ಲಿ ಬಳಸಲಾಯಿತು. ಇದರಲ್ಲಿಯೂ ಸೈನಿಕನು ಹೆಡ್‌ಫೋನ್ ಮೂಲಕವೇ ಸಂಕೇತವನ್ನು ಕೇಳುತ್ತಿದ್ದನು.

ಕಾರ್ಯತತ್ತ್ವ

ಶೋಧಕದ ಪ್ರೇಷಕ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಈ ಕ್ಷೇತ್ರವು ನಾಣ್ಯವನ್ನು ತಲುಪಿದಾಗ ಅದರಲ್ಲಿ ಸುಳಿ ಪ್ರವಾಹಗಳು ಹುಟ್ಟುತ್ತವೆ. ಅವು ಉಂಟುಮಾಡುವ ಮರುಕ್ಷೇತ್ರವನ್ನು ಗ್ರಾಹಕ ಸುರುಳಿ ಗುರುತಿಸುತ್ತದೆ ಮತ್ತು ಯಂತ್ರವು ಅದನ್ನು ಧ್ವನಿಯಾಗಿ ಪರಿವರ್ತಿಸುತ್ತದೆ.

ಕ್ಷೇತ್ರವು ನಾಣ್ಯದವರೆಗೆ ಹೋಗುವಾಗಲೂ ಅಲ್ಲಿಂದ ಮರಳುವಾಗಲೂ ಕುಗ್ಗುತ್ತದೆ. ಸುರುಳಿಯ ಗಾತ್ರಕ್ಕೆ ಹೋಲಿಸಿದರೆ ದೂರವು ಹೆಚ್ಚಾಗಿರುವಾಗ, ಸಣ್ಣ ವಸ್ತುವಿನ ಸಂಕೇತವು ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ. ಅಂದರೆ ದೂರವು ಇಮ್ಮಡಿಯಾದರೆ ಸಂಕೇತವು ಸುಮಾರು 64ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲ್ಪದರದ ನಾಣ್ಯವು ಸ್ಪಷ್ಟವಾಗಿ ಸದ್ದು ಮಾಡಿದರೂ ಕೆಲವು ಸೆಂಟಿಮೀಟರ್ ಕೆಳಗಿರುವ ಅಂಥದೇ ನಾಣ್ಯವು ಪಿಸುಮಾತಿನಂತೆ ಕೇಳಿಸುವುದಕ್ಕೆ ಇದೇ ಕಾರಣ.

ಧ್ವನಿಸಂಕೇತಗಳ ಅರ್ಥ

ಅನೇಕ ಯಂತ್ರಗಳಲ್ಲಿ ಕಬ್ಬಿಣಕ್ಕೆ ತಗ್ಗು ಸ್ವರವೂ ಬೆಳ್ಳಿ ಮತ್ತು ತಾಮ್ರದ ನಾಣ್ಯಗಳಿಗೆ ಏರು ಸ್ವರವೂ ಇರುತ್ತವೆ. ಅಲ್ಯೂಮಿನಿಯಂ ಹಾಳೆಯ ಚೂರುಗಳು ಮತ್ತು ಸಣ್ಣ ಚಿನ್ನದ ವಸ್ತುಗಳು ನಡುವಿನ ಸ್ವರಗಳಲ್ಲಿ ಬೆರೆತು ಬರಬಹುದು. ಆದ್ದರಿಂದ ಸ್ವರವೊಂದರಿಂದಲೇ ವಸ್ತುವನ್ನು ನಿಶ್ಚಯಿಸಲು ಆಗುವುದಿಲ್ಲ.

ಕೆಲವು ಯಂತ್ರಗಳು ಲೋಹವಿಲ್ಲದಿರುವಾಗಲೂ ಒಂದು ಮೆಲುದನಿಯನ್ನು ನಿರಂತರವಾಗಿ ಹೊರಡಿಸುತ್ತವೆ. ಇದನ್ನು ಥ್ರೆಶೋಲ್ಡ್ ಧ್ವನಿ ಎನ್ನುತ್ತಾರೆ. ಈ ದನಿ ತುಸು ಏರಿದರೆ ಆಳದಲ್ಲಿ ಲೋಹವಿರಬಹುದು. ಕ್ಷಣಕಾಲ ನಿಂತುಹೋದರೆ ಯಂತ್ರವು ಕಡೆಗಣಿಸುವಂತೆ ಹೊಂದಿಸಿರುವ ಕಬ್ಬಿಣದಂಥ ಲೋಹವಿರಬಹುದು. ಇಂತಹ ಸೂಕ್ಷ್ಮ ಬದಲಾವಣೆಗಳು ಬಯಲಿನಲ್ಲಿ ಸ್ಪೀಕರ್ ಮೂಲಕ ಕೇಳಿಸುವುದು ಕಷ್ಟ.

ತುಕ್ಕು ಹಿಡಿದ ಮೊಳೆಯೂ ಕೆಲವೊಮ್ಮೆ ನಾಣ್ಯದಂತೆ ಏರು ಸ್ವರವನ್ನು ನೀಡುತ್ತದೆ. ಅಂಥ ಸ್ಥಳದಲ್ಲಿ 90 ಡಿಗ್ರಿ ತಿರುಗಿ ನಿಂತು ಸುರುಳಿಯನ್ನು ಮತ್ತೆ ಬೀಸಿ ನೋಡುವುದು ರೂಢಿ. ಸಮತಲವಾಗಿ ಮಲಗಿರುವ ನಾಣ್ಯವು ಎಲ್ಲ ದಿಕ್ಕುಗಳಿಂದಲೂ ಹೆಚ್ಚುಕಡಿಮೆ ಒಂದೇ ಬಗೆಯ ಸ್ವರವನ್ನು ಕೊಡುತ್ತದೆ. ಮೊಳೆಯ ಸ್ವರ ಬಹುಮಟ್ಟಿಗೆ ಒಡೆಯುತ್ತದೆ ಅಥವಾ ಬದಲಾಗುತ್ತದೆ.

ಹೆಡ್‌ಫೋನ್ ಆಯ್ಕೆ

ಕಿವಿಯನ್ನು ಪೂರ್ತಿಯಾಗಿ ಆವರಿಸುವ, ಹಿಂಬದಿ ಮುಚ್ಚಿರುವ ಹೆಡ್‌ಫೋನ್‌ಗಳು ಹೊರಗಿನ ಸದ್ದನ್ನು ಹೆಚ್ಚಾಗಿ ತಡೆಯುತ್ತವೆ. ಬಿಸಿಲಿನ ಪ್ರದೇಶಗಳಲ್ಲಿ ಅವು ಸೆಕೆ ಉಂಟುಮಾಡುವುದರಿಂದ ಹಗುರವಾದವುಗಳನ್ನು ಬಳಸುವವರೂ ಇದ್ದಾರೆ. ಎರಡೂ ಕಿವಿಗಳಿಗೆ ಪ್ರತ್ಯೇಕ ಧ್ವನಿ ನಿಯಂತ್ರಕವಿದ್ದರೆ ಒಂದು ಕಿವಿಯ ಶ್ರವಣಶಕ್ತಿ ಕಡಿಮೆಯಿರುವವರಿಗೆ ಅನುಕೂಲವಾಗುತ್ತದೆ. ಸಂಗೀತಕ್ಕೆಂದು ತಯಾರಿಸಿದ ಸ್ಟೀರಿಯೋ ಹೆಡ್‌ಫೋನನ್ನು ಮೋನೋ ಶೋಧಕಕ್ಕೆ ಜೋಡಿಸಿದರೆ ಒಂದೇ ಕಿವಿಯಲ್ಲಿ ಸದ್ದು ಬರಬಹುದು. ಹೆಡ್‌ಫೋನ್‌ನ ಪ್ರತಿರೋಧವು ಯಂತ್ರದ ನಿರ್ಗಮಕ್ಕೆ ಹೊಂದದಿದ್ದರೆ ಧ್ವನಿ ಕುಗ್ಗುತ್ತದೆ.

ತಂತಿರಹಿತ ಹೆಡ್‌ಫೋನ್‌ಗಳಲ್ಲಿ ವಿಳಂಬವೇ ಮುಖ್ಯ ತೊಡಕು. ಸುರುಳಿಯನ್ನು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬೀಸುತ್ತಿರುವಾಗ ಧ್ವನಿಯು 0.1 ಸೆಕೆಂಡ್ ತಡವಾದರೆ, ಸದ್ದು ಕೇಳುವಷ್ಟರಲ್ಲಿ ಸುರುಳಿ 10 ಸೆಂಟಿಮೀಟರ್ ಮುಂದೆ ಸಾಗಿರುತ್ತದೆ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ಇದಕ್ಕಿಂತಲೂ ಹೆಚ್ಚಿನ ವಿಳಂಬವಿರುವುದುಂಟು. ಆದ್ದರಿಂದ ಕಡಿಮೆ ವಿಳಂಬದ ತಂತ್ರಜ್ಞಾನವುಳ್ಳವನ್ನು ಅಥವಾ ತಂತಿಯುಳ್ಳವನ್ನು ಆರಿಸಿಕೊಳ್ಳಲಾಗುತ್ತದೆ.

ಸುರಕ್ಷತೆ

ಧ್ವನಿಯ ಪ್ರಮಾಣ ಮತ್ತು ಯಂತ್ರದ ಸಂವೇದನೆ ಬೇರೆ ಬೇರೆ. ಧ್ವನಿಯನ್ನು ಜೋರು ಮಾಡಿದರೆ ಯಂತ್ರವು ಹೆಚ್ಚು ಆಳವನ್ನು ಶೋಧಿಸುವುದಿಲ್ಲ. ಮೇಲ್ಪದರದಲ್ಲಿ ದೊಡ್ಡ ಲೋಹದ ತುಂಡು ಎದುರಾದರೆ ಹಠಾತ್ತಾಗಿ ಅಬ್ಬರದ ಸದ್ದು ಬಂದು ಕಿವಿಗೆ ಹಾನಿಯಾಗಬಹುದು. ಮಿತಿಕಾರಕವಿರುವ ಹೆಡ್‌ಫೋನ್‌ಗಳು ಇದನ್ನು ತಡೆಯುತ್ತವೆ. ಹೊರಗಿನ ಸದ್ದು ಕೇಳಿಸದಿರುವುದರಿಂದ ರಸ್ತೆಬದಿಯಲ್ಲಿ ಮತ್ತು ಜಾನುವಾರುಗಳಿರುವ ಹೊಲಗಳಲ್ಲಿ ಒಂದು ಕಿವಿಯನ್ನು ತೆರೆದಿಟ್ಟುಕೊಳ್ಳುವುದು ಕ್ಷೇಮ.

ಕಾನೂನು ಮತ್ತು ಪುರಾತತ್ತ್ವ

ಸಂಕೇತ ಕೇಳಿಸಿದ ಮಾತ್ರಕ್ಕೆ ಅಗೆಯುವ ಹಕ್ಕು ದೊರೆಯುವುದಿಲ್ಲ. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಹಾಕ್ಸನ್ ಗ್ರಾಮದಲ್ಲಿ, ರೈತನೊಬ್ಬನ ಕಳೆದುಹೋದ ಸುತ್ತಿಗೆಯನ್ನು ಹುಡುಕುತ್ತಿದ್ದ ಎರಿಕ್ ಲಾಸ್ ಎಂಬುವರಿಗೆ ರೋಮನ್ ನಿಧಿಯೊಂದು ದೊರೆಯಿತು. ಅವರು ಅಗೆತವನ್ನು ಅರ್ಧಕ್ಕೇ ನಿಲ್ಲಿಸಿ ವರದಿ ಮಾಡಿದ್ದರಿಂದ ಪುರಾತತ್ತ್ವಜ್ಞರು ಉಳಿದ ಭಾಗವನ್ನು ಕ್ರಮಬದ್ಧವಾಗಿ ಉತ್ಖನನ ಮಾಡಿದರು. ಅಲ್ಲಿ ಒಟ್ಟು 14,865 ನಾಣ್ಯಗಳು ದೊರೆತವು. ನಿಧಿಯನ್ನು ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದ ಬಗೆಯೂ ತಿಳಿದುಬಂತು. ಅವಸರದಿಂದ ಅಗೆದಿದ್ದರೆ ಈ ಮಾಹಿತಿ ನಾಶವಾಗುತ್ತಿತ್ತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ನಿಧಿ ಕಾಯ್ದೆಯ ಪ್ರಕಾರ, ನಿಧಿ ಎನಿಸುವ ವಸ್ತು ಸಿಕ್ಕರೆ 14 ದಿನಗಳೊಳಗೆ ವರದಿ ಮಾಡಬೇಕು. ಭಾರತದಲ್ಲಿ ನೆಲದೊಳಗಿನ ನಿಧಿಯ ಕುರಿತು 1878ರಲ್ಲಿಯೇ ಕಾಯ್ದೆ ರೂಪುಗೊಂಡಿತು. ಅದರಂತೆ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ದೊರೆತವರು ಜಿಲ್ಲೆಯ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು.