ಸಮುದ್ರದ ತಳದಲ್ಲಿ ಲೋಹದ ಗಂಟು ಬೆಳೆಯೋದು ಹೇಗೆ?

ಚೆನ್ನೈನಲ್ಲಿ ಇರೋರು ಪಳ್ಳಿಕರಣೈ ಹತ್ರ ಎನ್‌ಐಒಟಿ ಬೋರ್ಡ್ ನೋಡಿರ್ತೀರಿ. ಮೂರು ಜನರನ್ನು 6,000 ಮೀಟರ್ ಆಳಕ್ಕೆ ಒಯ್ಯಬೇಕಾದ ‘ಮತ್ಸ್ಯ 6000’ ಈ ಸಂಸ್ಥೆಯದೇ ಕೆಲಸ. ಅಷ್ಟು ಆಳದಲ್ಲಿ ಅಂಥದ್ದೇನಿದೆ? ಆಲೂಗಡ್ಡೆ ಥರದ ಕಪ್ಪು ಗಂಟುಗಳಿವೆ. ಮ್ಯಾಂಗನೀಸ್, ಕಬ್ಬಿಣ, ಜೊತೆಗೆ ಬ್ಯಾಟರಿಗೆ ಬೇಕಾದ ನಿಕಲ್, ಕೋಬಾಲ್ಟ್, ವೈರಿಗೆ ಬೇಕಾದ ತಾಮ್ರ ಎಲ್ಲವೂ ಅವುಗಳಲ್ಲಿವೆ.

ಗಂಟು ಶುರುವಾಗೋಕೆ ಒಂದು ಬೀಜ ಬೇಕು. ಶಾರ್ಕ್ ಹಲ್ಲು, ಕಲ್ಲಿನ ಚೂರು, ಮುರಿದ ಹಳೇ ಗಂಟು, ಏನಾದ್ರೂ ಸರಿ. ಸಮುದ್ರದ ನೀರಿನಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿ ಕರಗಿರುವ ಮ್ಯಾಂಗನೀಸ್, ಕಬ್ಬಿಣಗಳು ಆಮ್ಲಜನಕದ ಜೊತೆ ಸೇರಿ ಆಕ್ಸೈಡ್ ಆಗಿ ಅದರ ಮೇಲೆ ಕೂರುತ್ತವೆ. ಈ ಆಕ್ಸೈಡ್ ಪದರ ಕೋಬಾಲ್ಟ್‌ನಂಥ ಲೋಹಗಳನ್ನೂ ನೀರಿನಿಂದ ಹಿಡಿದುಕೊಳ್ಳುತ್ತದೆ. ಇದು ಮೇಲಿನಿಂದ ಬರೋ ಸಪ್ಲೈ. ಕೆಳಗಿನ ಕೆಸರಿನ ಸಂದುಗಳಲ್ಲಿರುವ ನೀರಿನಿಂದ ಬರೋದು ಇನ್ನೊಂದು. ನಿಕಲ್, ತಾಮ್ರ ಹೆಚ್ಚಾಗಿ ಆ ದಾರಿಯಲ್ಲೇ ಬರುತ್ತವೆ. ಕತ್ತರಿಸಿ ನೋಡಿದ್ರೆ ಒಳಗೆ ಈರುಳ್ಳಿ ಥರ ಪದರ ಪದರ.

ವೇಗ ಎಷ್ಟು? ನೀರಿನಿಂದ ಬೆಳೆಯೋ ಗಂಟು 10 ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಸುತ್ತಲೂ 5 ಮಿ.ಮೀ. ಪದರ ಅಂತ ಹಿಡಿದರೂ, 5 ಸೆಂ.ಮೀ. ಅಗಲದ ಗಂಟಿಗೆ ಸುಮಾರು 50 ಲಕ್ಷ ವರ್ಷ!

ಇಲ್ಲೊಂದು ಒಗಟಿದೆ. ಕೆಸರು ತುಂಬೋದು ಇದಕ್ಕಿಂತ ನೂರಾರು ಪಟ್ಟು ವೇಗವಾಗಿ. ಹಾಗಾದ್ರೆ ಗಂಟುಗಳು ಹೂತುಹೋಗಬೇಕಿತ್ತಲ್ಲ? ಆದರೂ ಬಹಳಷ್ಟು ಮೇಲೇ ಇವೆ. ಕೆಸರು ಕೆದಕೋ ಜೀವಿಗಳು, ತಳದ ಪ್ರವಾಹಗಳು ಅವನ್ನು ಮೇಲೇ ಉಳಿಸುತ್ತವೆ ಅನ್ನೋದು ಮುಖ್ಯ ವಿವರಣೆ. ಪೂರ್ತಿ ಉತ್ತರದ ಬಗ್ಗೆ ಇನ್ನೂ ಚರ್ಚೆ ಇದೆ.

ಭಾರತಕ್ಕೂ ಇದರ ನಂಟು ಹಳೇದು. 1981ರಲ್ಲೇ ನಮ್ಮ ‘ಗವೇಷಣಿ’ ಹಡಗು ಅರಬ್ಬಿ ಸಮುದ್ರದಿಂದ ಗಂಟುಗಳನ್ನು ಎತ್ತಿತ್ತು. ಈಗ ಹಿಂದೂ ಮಹಾಸಾಗರದ ಮಧ್ಯ ಭಾಗದಲ್ಲಿ 75,000 ಚದರ ಕಿ.ಮೀ. ಜಾಗದ ಅನ್ವೇಷಣೆಯ ಹಕ್ಕು ನಮಗಿದೆ.

ಹಾಗಂತ ಎತ್ತಿಬಿಡೋದಾ? ಕೆಸರಿನ ಬಯಲಿನಲ್ಲಿ ಸ್ಪಂಜು, ಹವಳದಂಥ ಜೀವಿಗಳಿಗೆ ಅಂಟಿಕೊಳ್ಳೋಕೆ ಸಿಗೋ ಗಟ್ಟಿ ನೆಲ ಅಂದ್ರೆ ಹೆಚ್ಚಾಗಿ ಈ ಗಂಟುಗಳೇ. 1989ರಲ್ಲಿ ವಿಜ್ಞಾನಿಗಳು ಪೆರು ದೇಶದಾಚೆಯ ಸಮುದ್ರತಳವನ್ನು ಪರೀಕ್ಷೆಗಾಗಿ ನೇಗಿಲಿನಂಥ ಸಾಧನದಿಂದ ಉತ್ತಿದ್ದರು. 2015ರಲ್ಲಿ ಹೋಗಿ ನೋಡಿದರೆ, ಆ ಗೆರೆಗಳು ಹಾಗೇ ಇದ್ದವು.

ನಮ್ಮ ಕೆಲಸದಲ್ಲಿ ಏನಾದ್ರೂ ಕೆಟ್ಟರೆ ರೋಲ್‌ಬ್ಯಾಕ್ ಮಾಡ್ತೀವಿ. ಇಲ್ಲಿ ಆ ಬ್ಯಾಕಪ್ ತಯಾರಾಗೋಕೇ 50 ಲಕ್ಷ ವರ್ಷ ಬೇಕು. ಲೋಹ ಬೇಕು ನಿಜ, ಆದರೆ ಎಷ್ಟು ಎತ್ತಬೇಕು, ಎಷ್ಟು ಬಿಡಬೇಕು ಅನ್ನೋದನ್ನ ಮೊದಲೇ ಯೋಚಿಸಬೇಕು. ನಿಮಗೇನನ್ನಿಸುತ್ತೆ, ತಿಳಿಸಿ.