ಕುಂಬಾರ ಹುಳದ ಗಡಿಗೆಯೊಳಗೆ ಯಾರಿದ್ದಾರೆ?

ಮಳೆ ಹಿಂದಾಗಿ ಬಿಸಿಲು ಕಾಣಿಸಿಕೊಳ್ಳುವ ಹೊತ್ತಿಗೆ ನಮ್ಮ ಜಗಲಿಯ ಕಿಟಕಿ ಚೌಕಟ್ಟಿನಲ್ಲಿ ಕುಂಬಾರ ಹುಳವೆಂಬ ಕಣಜದ ಕೆಲಸ ಶುರುವಾಗುತ್ತದೆ. ಬಚ್ಚಲ ನೀರು ಹರಿದು ಹಸಿಯಾದ ಜಾಗದಲ್ಲಿ ಕೂತು ಮಣ್ಣು ಕೆರೆದು, ಸಣ್ಣ ಉಂಡೆ ಮಾಡಿ, ಬಾಯಲ್ಲಿ ಕಚ್ಚಿಕೊಂಡು ಬರುತ್ತದೆ. ಉಂಡೆಯನ್ನು ಪಟ್ಟಿಯಾಗಿ ಎಳೆದು ಅಂಚಿಗೆ ಮೆತ್ತುತ್ತದೆ. ಹೊಟ್ಟೆ ಉಬ್ಬಿದ ಗಡಿಗೆ, ಅದಕ್ಕೊಂದು ಕೊರಳು, ಕೊರಳಿಗೆ ಹೊರಮಡಿಚಿದ ಅಂಚು. ಹಿಂಭಾಗವನ್ನು ಬಾಯೊಳಗೆ ಇಳಿಸಿ ಒಂದು ಮೊಟ್ಟೆ ಇಟ್ಟ ಮೇಲೆ ಬೇಟೆಗೆ ಹೊರಡುತ್ತದೆ. ತರುವುದು ಹಸಿರು ಹುಳಗಳನ್ನು. ಒಂದೊಂದನ್ನೂ ಕೊರಳಿನಿಂದ ಒಳಗೆ ತುರುಕಿ, ಕೊನೆಗೆ ಮಣ್ಣಿನಿಂದ ಬಾಯಿ ಮುಚ್ಚಿ ಹಾರಿಹೋದರೆ ತಿರುಗಿ ನೋಡುವುದಿಲ್ಲ. ಎಷ್ಟೋ ದಿನಗಳ ನಂತರ ಗಡಿಗೆಯ ಪಕ್ಕೆಯಲ್ಲಿ ತೂತು ಬೀಳುತ್ತದೆ. ಹೊರಗೆ ಬರುವುದು ಹಸಿರು ಹುಳವಲ್ಲ, ಥೇಟು ಅದೇ ಬಣ್ಣ, ಅದೇ ಸಣ್ಣ ನಡುವಿನ ಇನ್ನೊಂದು ಕುಂಬಾರ ಹುಳ.

ಒಳಗೆ ಹೋದದ್ದೊಂದು, ಹೊರಗೆ ಬಂದದ್ದೊಂದು. ಇಷ್ಟನ್ನೇ ಕಂಡವರು ಯಾವ ತೀರ್ಮಾನಕ್ಕೆ ಬಂದಾರು ಎಂಬುದು ನಮ್ಮ ತತ್ತ್ವಶಾಸ್ತ್ರದಲ್ಲೇ ದಾಖಲಾಗಿದೆ. ಅದೇ ಭ್ರಮರಕೀಟ ನ್ಯಾಯ. ಕಣಜ ಹುಳವನ್ನು ತಂದು ಗೋಡೆಯ ಗೂಡಿನಲ್ಲಿ ಕೂಡಿಹಾಕುತ್ತದೆ, ಹುಳ ಭಯದಿಂದ ಕಣಜವನ್ನೇ ನೆನೆಯುತ್ತ ನೆನೆಯುತ್ತ ಕಣಜವೇ ಆಗಿಬಿಡುತ್ತದೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತ ತನ್ನ 24 ಗುರುಗಳ ಪಟ್ಟಿಯನ್ನು ಮುಗಿಸುವುದು ಈ ಕಣಜದಿಂದಲೇ. ಹುಳವು ಹಿಂದಿನ ಮೈಯನ್ನು ಬಿಡದೆಯೇ ಕಣಜದ ರೂಪ ಪಡೆಯಿತು ಎಂದೂ ಅಲ್ಲಿ ಸೇರಿಸಿದ್ದಾರೆ. ಶಂಕರರದೆಂದು ಹೇಳುವ ವಿವೇಕಚೂಡಾಮಣಿಯಲ್ಲಿ ಜೀವ ಬ್ರಹ್ಮವಾಗುವುದಕ್ಕೆ ಇದೇ ದೃಷ್ಟಾಂತ. ವಚನಗಳಲ್ಲಿ ಇದು ಕೀಡೆ-ಕುಂಡಲಿಗವಾಗಿ ಬಂದು ಗುರುಶಿಷ್ಯರ ಕಥೆಯಾಗುತ್ತದೆ.

ಸುಣ್ಣ ಹೊಡೆಯುವಾಗ ಚೌಕಟ್ಟಿನಿಂದ ಉದುರಿ ಒಡೆದ ಗಡಿಗೆಯೊಂದನ್ನು ಕಾಗದದ ಮೇಲೆ ಸುರಿದುಕೊಂಡೆ. ಮುಚ್ಚಿ ಹೆಚ್ಚು ಹೊತ್ತಾಗಿರಲಿಲ್ಲ. ಹುಳಗಳು ಒಂದರ ಮೇಲೊಂದು ಸುರುಳಿಯಾಗಿ ಬಿದ್ದಿದ್ದವು. ಮೈ ಬಾಡಿರಲಿಲ್ಲ, ಹಸಿರು ಮಾಸಿರಲಿಲ್ಲ. ಒಳಚಾವಣಿಯ ಚೂರಿಗೆ ಕೂದಲೆಳೆಯಂಥ ನೂಲು, ಅದರ ತುದಿಯಲ್ಲಿ ಮೊಟ್ಟೆ. ಹಳೆಯ ಗಡಿಗೆಯಲ್ಲಿ ಕಂಡದ್ದು ಬೇರೆ: ಕಾಗದದಷ್ಟು ತೆಳುವಾದ ಒಳಪೊರೆ, ಒಣಗಿದ ಹಿಕ್ಕೆ, ಸಾಸಿವೆಗಿಂತ ಚಿಕ್ಕ ಹುಳದ ತಲೆಚಿಪ್ಪುಗಳು. ಹುಳ ಏನೂ ಆಗಿರಲಿಲ್ಲ, ಊಟವಾಗಿತ್ತು. ಮೊಟ್ಟೆಯೊಡೆದು ಬಂದ ಮರಿ ಹುಳಗಳನ್ನು ತಿಂದು, ಪೊರೆಕಟ್ಟಿ, ರೆಕ್ಕೆ ಬಲಿತು ಹೊರಟಿತ್ತು.

ಧ್ಯಾನದ ಕಥೆಗೆ ಇನ್ನೊಂದು ಪೆಟ್ಟೂ ಇದೆ. ಕೆಲವು ಗಡಿಗೆಗಳಿಂದ ಹುಳವೂ ಬರುವುದಿಲ್ಲ, ಕುಂಬಾರನೂ ಬರುವುದಿಲ್ಲ. ನೀಲಿ-ಹಸಿರು ಲೋಹದ ಮಿಂಚಿರುವ ಕೋಗಿಲೆ ಕಣಜ ಬರುತ್ತದೆ. ಕುಂಬಾರ ಹುಳದ ಕಣ್ಣು ತಪ್ಪಿಸಿ ಮೊಟ್ಟೆ ಇಟ್ಟ ಬೇರೆಯೇ ಜಾತಿ ಅದು. ಆ ಕತ್ತಲಲ್ಲಿ ಯಾರು ಯಾರನ್ನು ಧ್ಯಾನಿಸಿದರೋ!

ಹಾಗೆಂದು ಹಳಬರಿಗೆ ನೋಡಲು ಬರುತ್ತಿರಲಿಲ್ಲ ಎಂದಲ್ಲ. ಬೃಹದಾರಣ್ಯಕದಲ್ಲಿ ಜೀವ ದೇಹ ಬಿಡುವುದಕ್ಕೆ ಹುಲ್ಲಿನ ಹುಳದ ಹೋಲಿಕೆ ಬರುತ್ತದೆ: ಎಸಳಿನ ತುದಿಗೆ ಬಂದು, ಮುಂದಿನದನ್ನು ಹಿಡಿದು, ಆಮೇಲೆ ಮೈಯನ್ನು ಎಳೆದುಕೊಳ್ಳುತ್ತದೆ. ಗೇಣು ಹಾಕುತ್ತ ನಡೆಯುವ ಹುಳವನ್ನು ಗರಿಕೆಯ ಮೇಲೆ ಬಿಟ್ಟು ನೋಡಿ. ತುದಿಯಲ್ಲಿ ಹಿಂಗಾಲಿನ ಮೇಲೆ ನಿಂತು, ತಲೆಯನ್ನು ಗಾಳಿಯಲ್ಲಿ ಆಡಿಸಿ, ಏನಾದರೂ ಸಿಕ್ಕಿದ ಮೇಲಷ್ಟೇ ಹಿಂದಿನ ಹಿಡಿತ ಬಿಡುತ್ತದೆ. ಇದನ್ನು ಹೇಳಿದವರು ಹುಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದವರೇ ಇರಬೇಕು. ಭ್ರಮರಕೀಟದವರಿಗೆ ಮಣ್ಣಿನ ಗೋಡೆ ಅಡ್ಡಬಂತು.

ಆದರೆ ಗೋಡೆ ಒಡೆದು ನೋಡಿದರೆ ಪ್ರಶ್ನೆ ಸುಲಭವಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ನೂಲಿಗೆ ತೂಗುತ್ತಿದ್ದ ಮೊಟ್ಟೆಯಿಂದ ಬಂದ ಮರಿಗೆ ಕಣ್ಣಿಲ್ಲ, ಕಾಲಿಲ್ಲ. ಬಿಳಿ ಮಾಂಸದ ಚೀಲ. ಪೊರೆಯೊಳಗೆ ಅದರ ಒಡಲಿನ ಬಹುಪಾಲು ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆ ಮರಿಯೂ ಹಾರಿಹೋದ ಕುಂಬಾರನೂ ಒಬ್ಬರೆಯೇ? ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಲೆಕ್ಕದಲ್ಲಿ ಹುಳಕ್ಕೆ ಎರಡು ಇಂದ್ರಿಯ, ಇರುವೆಗೆ ಮೂರು, ದುಂಬಿಗೆ ನಾಲ್ಕು. ನನ್ನ ಗಡಿಗೆಯಲ್ಲಿ ಒಂದೇ ಜನ್ಮದಲ್ಲಿ ಲೆಕ್ಕ ಮೇಲೇರಿದಂತೆ ಕಾಣುತ್ತದೆ. ಶ್ರವಣಬೆಳಗೊಳದ ಪಂಡಿತರೊಬ್ಬರ ಮುಂದೆ ಇಟ್ಟು ಕೇಳಬೇಕೆಂಬ ಆಸೆ ನನಗಿದೆ.

ನ್ಯಾಯಸೂತ್ರದ ಮೂರನೆಯ ಅಧ್ಯಾಯ ಶುರುವಾಗುವುದೇ ಇಂಥ ವಾದದಿಂದ: ಕಣ್ಣು ಕಂಡ ವಸ್ತುವನ್ನೇ ಈಗ ಚರ್ಮ ಮುಟ್ಟುತ್ತಿದೆ ಎಂದು ಗುರುತಿಸಬೇಕಾದರೆ ಎರಡಕ್ಕೂ ಒಡೆಯನೊಬ್ಬ ಇರಲೇಬೇಕು. ನೆನಪು ದಾಟಿದರೆ ಆತ್ಮವೂ ಉಳಿದಿದೆ ಎಂದೇ ಲೆಕ್ಕ. ಬೌದ್ಧರ ಮಿಲಿಂದಪ್ರಶ್ನೆಯ ನಾಗಸೇನ ಒಪ್ಪುವುದಿಲ್ಲ. ರಾತ್ರಿಯಿಡೀ ಉರಿದ ದೀಪದ ಮೊದಲ ಜಾವದ ಜ್ವಾಲೆ ಕೊನೆಯ ಜಾವದ್ದಲ್ಲ, ಬೇರೆಯದೂ ಅಲ್ಲ ಎನ್ನುತ್ತಾನೆ.

ನೆನಪು ಪೊರೆಯನ್ನು ದಾಟುತ್ತದೆಯೇ ಎಂದು ನೋಡಲು 2008ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ತಂಬಾಕು ಗಿಡದ ಹುಳಗಳಿಗೆ ಒಂದು ವಾಸನೆ ತೋರಿಸಿ, ಜೊತೆಗೇ ಸಣ್ಣದಾಗಿ ವಿದ್ಯುತ್ ಮುಟ್ಟಿಸಿದರು. ಕೊನೆಯ ಹಂತದಲ್ಲಿ ಪಾಠ ಕಲಿತವು ಪೊರೆ ಒಡೆದು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ಇನ್ನೂ ಎಳೆಯದಿದ್ದಾಗ, ಮೂರನೆಯ ಹಂತದಲ್ಲಿ ಕಲಿತ ಹುಳಗಳಿಗೆ ಪತಂಗವಾದಾಗ ಆ ಪಾಠ ಉಳಿದಿರಲಿಲ್ಲ. ಇದನ್ನು ಓದಿದರೆ ನೈಯಾಯಿಕ ಮೊದಲು ಹಿಗ್ಗುತ್ತಿದ್ದ, ಆಮೇಲೆ ಸಂಸ್ಕಾರ ಅಳಿದರೆ ಆತ್ಮ ಅಳಿದಂತಲ್ಲ ಎನ್ನುತ್ತಿದ್ದ. ಮಿದುಳಿನ ಯಾವ ಭಾಗ ಯಾವ ಹಂತದಲ್ಲಿ ಬೆಳೆದಿತ್ತು ಎಂಬುದರ ಮೇಲೆ ನೆನಪು ನಿಂತಿದ್ದರೆ ಒಡೆಯನಿಗೆ ಉಳಿಯುವ ಕೆಲಸವೇನು? ನನಗೆ ನಾಗಸೇನನ ಪಕ್ಷವೇ ಹತ್ತಿರ.

ಅವನ ದೀಪ ಸಹಾಯಕ್ಕೆ ಬಾರದ ಕಡೆ ಒಂದಿದೆ. ಕಾಗದದ ಮೇಲಿದ್ದ ಹಸಿರು ಹುಳವೊಂದನ್ನು ಪೊರಕೆಕಡ್ಡಿಯಿಂದ ಮುಟ್ಟಿದೆ. ಕಾಲು ಅಲುಗಲಿಲ್ಲ, ಬಾಯಿ ಮಾತ್ರ ತುಸು ಆಡಿತು. ಕೊಂಡಿಯ ವಿಷ ಕೈಕಾಲು ಕಟ್ಟುತ್ತದೆ, ಕೊಲ್ಲುವುದಿಲ್ಲ. ಕೊಂದರೆ ಮರಿಯ ಊಟ ಕೊಳೆತುಹೋಗುತ್ತದೆ. ತಿನ್ನಿಸಿಕೊಳ್ಳುವವರೆಗೆ ಹುಳ ಉಸಿರಾಡುತ್ತಲೇ ಇರುತ್ತದೆ. ಯೋಗಸೂತ್ರದ ವ್ಯಾಸಭಾಷ್ಯ ಆಗತಾನೆ ಹುಟ್ಟಿದ ಹುಳಕ್ಕೂ ಸಾವಿನ ಭಯವಿದೆ ಎನ್ನುತ್ತದೆ. ಜೈನರು ಅದಕ್ಕೆ ನೋವೂ ಇದೆ ಎಂದು ಖಚಿತವಾಗಿ ಹೇಳುತ್ತಾರೆ. ಭ್ರಮರಕೀಟದವರೂ ಅಷ್ಟರಮಟ್ಟಿಗೆ ಒಂದು ಮಾತು ಕೊಟ್ಟಿದ್ದರು: ಕತ್ತಲಲ್ಲಿರುವ ಆ ಹುಳ ಹೆದರುತ್ತದೆ, ಹೆದರಿಕೆಯೆಂದರೆ ಅರಿವು. ಹುಳ ಕಣಜವಾಗುವುದಿಲ್ಲವೆಂದು ತಲೆಚಿಪ್ಪುಗಳನ್ನು ಎಣಿಸಿ ತೋರಿಸಬಹುದು. ಅದು ಹೆದರಿರಲಿಲ್ಲ ಎಂದು ತೋರಿಸುವುದಕ್ಕೆ ನನ್ನ ಪೊರಕೆಕಡ್ಡಿಗೆ ಆಗಲಿಲ್ಲ.