ನಿಮಗಿದು ಗೊತ್ತೆ? ಬೆಂಗಳೂರಿನ ಹೆಸರಲ್ಲೊಂದು ಟೊಮೆಟೊ ವೈರಸ್!

ಟೊಮೆಟೊ ಎಲೆ ಮುಟುರು ರೋಗ ತರುವ ವೈರಸ್‌ಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು 'ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್'. ಬೆಂಗಳೂರಿನ ಜಯನಗರ, ಬನಶಂಕರಿಯ ತಾರಸಿ ಕುಂಡಗಳಲ್ಲಿ ಎಲೆ ಮುದುಡಿದರೆ ಗೊಬ್ಬರ ಸಾಲದೆಂದು ಇನ್ನೊಂದು ಹಿಡಿ ಹಾಕುವುದು ರೂಢಿ. ಆದರೆ ಈ ವೈರಸ್ಸನ್ನು ಹೊತ್ತು ತರುವುದು ಎಲೆಯಡಿ ಕೂರುವ ಬಿಳಿ ನೊಣ; ಗೊಬ್ಬರದಿಂದ ರೋಗ ವಾಸಿಯಾಗದು. ಬಿಸಿಲಿಗೂ ಎಲೆ ಸುರುಳುತ್ತದಲ್ಲ ಎನ್ನಬಹುದು. ನಿಜ, ಆಗ ಎಲೆಯ ಗಾತ್ರ, ಹಸಿರು ಬದಲಾಗುವುದಿಲ್ಲ. ವೈರಸ್ ತಗುಲಿದರೆ ಚಿಗುರೆಲೆ ಕಿರಿದಾಗಿ ಹಳದಿಗಟ್ಟುತ್ತದೆ, ಗಿಡ ಕುಳ್ಳಾಗಿ ಪೊದೆಗಟ್ಟುತ್ತದೆ.

ಬೇವಿನೆಣ್ಣೆ ನೊಣವನ್ನು ತಗ್ಗಿಸೀತು, ಒಳಹೊಕ್ಕ ವೈರಸ್ಸನ್ನಲ್ಲ. ಸಾಕಿದ ಗಿಡ ಕೀಳಲು ಮನಸ್ಸು ಬಾರದು, ಸಹಜವೇ. ಆದರೆ ಉಳಿಸಿದ ಒಂದು ಗಿಡದಿಂದಲೇ ನೊಣ ಪಕ್ಕದ ಕುಂಡಕ್ಕೂ ಪಕ್ಕದ ಮನೆಯ ತಾರಸಿಗೂ ರೋಗ ಒಯ್ಯುತ್ತದೆ. ಹಾಗಾಗಿ ಬೇಗ ಕಿತ್ತು, ಚೀಲದಲ್ಲಿ ಕಟ್ಟಿ ಹೊರಹಾಕುವುದೇ ಲೇಸು. ಸಸಿಗಳಿಗೆ ಮೊದಲ ವಾರಗಳಲ್ಲಿ ಸಣ್ಣ ಕಣ್ಣಿನ ನೈಲಾನ್ ಪರದೆ ಬೇಕೇ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ತಳಿ ಎಲೆ ಮುಟುರು, ದುಂಡಾಣು ಸೊರಗು, ಆರಂಭಿಕ ಅಂಗಮಾರಿ (ಅರ್ಲಿ ಬ್ಲೈಟ್) ಈ 3 ರೋಗಗಳನ್ನೂ ತಡೆದುಕೊಳ್ಳುತ್ತದೆ. ಇದು ಹೈಬ್ರಿಡ್ ಆದ್ದರಿಂದ, ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಎಲ್ಲ ಗಿಡಗಳಲ್ಲೂ ಬಾರದು. ಪ್ರತಿ ಸಲ ಹೊಸ ಬೀಜವನ್ನೇ ಕೊಳ್ಳಬೇಕು.